ಕೆರೆಯ ತಳದ ಒಲೆಗಲ್ಲು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಾರ್ಲ್‌ವಿಕ್ ಎಂಬ ದೊಡ್ಡ ಬಂಗಲೆಯಿತ್ತು. ಅದರೆದುರಿನ ಕೆರೆಯಲ್ಲಿ ಹೆಣ್ಣು ಹಂಸವೊಂದು ವಾಸವಾಗಿತ್ತು. ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದ ಕುಲದಲ್ಲಿ ಉಳಿದಿದ್ದು ಅದೊಂದೇ. ಬಂಗಲೆಯನ್ನು ಹೊಸದಾಗಿ ಕೊಂಡವರು ಅದನ್ನು ಮದುವೆಗಳ ಹೋಟೆಲು ಮಾಡಿದರು. ಅತಿಥಿಗಳ ಕಾರು ನಿಲ್ಲಿಸಲು ಜಾಗ ಸಾಲದೆ, ಕೆರೆಯ ತೂಬು ತೆಗೆಸಿ ನೀರನ್ನೆಲ್ಲ ಹರಿಯಬಿಟ್ಟರು.

ಹಂಸ ಕೆಸರಿನಲ್ಲಿ ನಿಂತು ಅತ್ತಿತು. "ನನ್ನ ಅಜ್ಜಿ ಮುತ್ತಜ್ಜಿಯರು ಆಳಿದ ಕೆರೆಯಿದು. ಇನ್ನು ನಾನು ಎಲ್ಲಿಗೆ ಹೋಗಲಿ?"

"ಈ ಮಾತನ್ನು ಹಿಂದೊಮ್ಮೆ ಕೇಳಿದ್ದೇನೆ," ಎಂದಿತು, ನೀರಿಳಿದ ಮೇಲೆ ಪಕ್ಕದಲ್ಲೇ ಕಾಣಿಸಿಕೊಂಡ ಒಂದು ಕಪ್ಪು ಕಲ್ಲು.

"ನೀನು ಯಾರು?"

"ಒಲೆಗಲ್ಲು. ಇಲ್ಲೊಂದು ಊರಿತ್ತು. ಕಿಟಕಿಯಿಂದ ನೋಡಲು ಕೆರೆ ಬೇಕೆಂದು ಬಂಗಲೆಯ ದೊರೆ ಊರಿಗೆ ಊರನ್ನೇ ಒಕ್ಕಲೆಬ್ಬಿಸಿದ. ನನ್ನ ಮೇಲೆ ಅಡುಗೆ ಮಾಡುತ್ತಿದ್ದ ಮಾರ್ಜರಿ ಎಂಬಾಕೆ ಕೂಸನ್ನು ಎತ್ತಿಕೊಂಡು, ನೀನೀಗ ಕೇಳಿದ್ದನ್ನೇ ಕೇಳಿದಳು."

"ದೊರೆ ಏನೆಂದ?"

"ಊರಿನ ಮೇಲೆ ನೀರು ಬಿಡಿಸಿದ. ನೀರಿನ ಹಿಂದೆಯೇ ನಿಮ್ಮವರನ್ನು ತರಿಸಿದ."

ಹಂಸದ ದನಿ ಕುಗ್ಗಿತು. "ಆಕೆ ಮತ್ತೆ ಬರಲಿಲ್ಲವೆ?"

"ಒಂದು ಸಲ ಬಂದಳು. ಮನೆಯಿದ್ದ ಕಡೆಗೆ ಮುಖ ಮಾಡಿ ದಡದಲ್ಲಿ ಕುಳಿತಳು. ನಿನ್ನ ಮುತ್ತಜ್ಜಿ ರೆಕ್ಕೆ ಬಡಿದು ಆಕೆಯನ್ನು ಓಡಿಸಿದಳು."

ಹಂಸ ತಲೆ ತಗ್ಗಿಸಿ, ಕಲ್ಲಿಗೆ ಮೆತ್ತಿದ್ದ ಕೆಸರನ್ನು ತನ್ನ ಎದೆಯ ಬಿಳಿ ಗರಿಗಳಿಂದ ಒರೆಸತೊಡಗಿತು. ಬಲೆ ಹಿಡಿದ ಆಳುಗಳು ಬಂದಾಗಲೂ ಒರೆಸುತ್ತಲೇ ಇತ್ತು. ಅವರು ಹಂಸವನ್ನು ಬುಟ್ಟಿಗೆ ಹಾಕಿಕೊಂಡು ಹೋದರು. ಕಲ್ಲಿನ ಮೇಲೆ ಜಲ್ಲಿ ಸುರಿದರು.