ಹಸಿರು ಬಾಗಿಲಿನ ಭಾಗಾಕಾರ

ಶಾಲಾ ಸಮಿತಿ ಅಧ್ಯಕ್ಷ ಪುಟ್ಟಬಸಪ್ಪ ತರಗತಿಯ ಗೋಡೆ ನೋಡಿ ಗುಡುಗಿದ. "ಭಾಗಾಕಾರಕ್ಕೆ ಬೊಂಬೆ ಯಾಕ್ರೀ ಮೇಡಂ? ಎಲ್ಲಾ ಅಳಿಸಿ, ಇಲ್ಲಾಂದ್ರೆ ವರ್ಗ ಮಾಡಿಸ್ತೀನಿ."

ಸಾವಂತ್ರಮ್ಮ ಮೇಡಂ ರಜೆಯೆಲ್ಲ ಕೂತು ಬರೆದ ಚಿತ್ರಗಳು ಅವು. ಆದರೂ ನಕ್ಕು, "ಒಂದು ಪಾಠ ನೋಡಿ ಅಧ್ಯಕ್ಷರೇ, ಆಮೇಲೆ ಅಳಿಸ್ತೀನಿ" ಅಂದರು.

ಬೋರ್ಡಿನ ಮೇಲೆ ಪುಟ್ಟಬಸಪ್ಪನಂಥದೇ ದಪ್ಪ ಮೀಸೆಯವನೊಬ್ಬನನ್ನು ಬರೆದು, ಕೈಗೆ ಎಂಟು ಮೊಳ ಮಲ್ಲಿಗೆ ಕೊಟ್ಟರು. ಎದುರಿಗೆ ಎರಡು ಮನೆ, ಒಂದಕ್ಕೆ ಹಸಿರು ಬಾಗಿಲು. ಗಿರಣಿ ಹಿಂದಿನ ಆ ಬಾಗಿಲಿಗೆ ಪುಟ್ಟಬಸಪ್ಪ ಹೂವು ಹಿಡಿದು ಹೋಗುವುದು ಅವನ ಹೆಂಡತಿ ಒಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತು.

"ಸಮನಾಗಿ ಹಂಚಿ ಮಕ್ಕಳೇ."

"ಮನೆಗೆ ನಾಲ್ಕು ಮೊಳ!"

"ತಿಳೀತಾ ಅಧ್ಯಕ್ಷರೇ? ಮನೆಗಳಿಗೆ ಹೆಸರೂ ಬರೀಲಾ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಬೇಡ ತಾಯಿ, ತಿಳೀತು. ಗೋಡೆ ಹಂಗೇ ಇರಲಿ. ಬೋರ್ಡ್ ಮಾತ್ರ ಈಗಲೇ ಒರೆಸಿಬಿಡಿ."

ಆ ಶುಕ್ರವಾರ ಅವನ ಹೆಂಡತಿ ಮೊದಲ ಸಲ ನಾಲ್ಕು ಮೊಳ ಹೂವು ಮುಡಿದು ಬೀದಿಗೆ ಬಂದಳು. ಯಾಕೆ ಅಂತ ಪಾಪ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.