ತುಳಿಯಲಿ ಎಂದವನ ಕಲ್ಲು

"ಬುದ್ಧೀ, ಹಿರಿಯರ ಹೆಸರನ್ನು ಉಳಿಸಿಕೊಳ್ಳಬೇಕು ಎನ್ನುವುದು ತಪ್ಪೇ?" ಎಂದು ಸರ್ಜಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಸರ್ಜಪ್ಪ ಹಳೆಯ ಪಾಳೆಯಗಾರರ ವಂಶದವನು. ಕೋಟೆ ಬಿದ್ದುಹೋಗಿತ್ತು, ಊರುಗಳು ಕೈತಪ್ಪಿದ್ದವು. ಆ ವಂಶಕ್ಕೆ ಉಳಿದದ್ದು ಮಠದ ಹೊಸ್ತಿಲ ಮುಂದಿನ ಒಂದು ಹಾಸುಗಲ್ಲು ಮಾತ್ರ. ಅವನ ಪೂರ್ವಿಕನೊಬ್ಬ ತಾನು ಅಡ್ಡಬಿದ್ದಿರುವಂತೆ ಆ ಕಲ್ಲಿನಲ್ಲಿ ಕೆತ್ತಿಸಿ, ಬರುವವರೆಲ್ಲ ತನ್ನ ಬೆನ್ನು ತುಳಿದೇ ಒಳಗೆ ಹೋಗಲಿ ಎಂದಿದ್ದ. ತುಳಿದು ತುಳಿದು ಮುಖ ಅಳಿಸಿಹೋಗಿತ್ತು. ಜೋಡಿಸಿದ ಕೈಗಳಷ್ಟೇ ಕಾಣುತ್ತಿದ್ದವು. ಕಲ್ಲನ್ನು ಎಬ್ಬಿಸಿ, ಗೋಡೆಗೆ ಆನಿಸಿ ನಿಲ್ಲಿಸಿ, ಸುತ್ತ ಕಬ್ಬಿಣದ ಸರಳು ಹಾಕಿಸಬೇಕೆಂದು ಸರ್ಜಪ್ಪನ ಆಸೆ. ಹಾರೆ ತಂದ ಆಳುಗಳು ಆಗಲೇ ಅಂಗಳದಲ್ಲಿ ಕೂತಿದ್ದರು. ಸ್ವಾಮಿಗಳು ಹೂಂ ಎಂದರೆ ಸಾಕಿತ್ತು.

ಸ್ವಾಮಿಗಳು ಹೂಂ ಎನ್ನಲಿಲ್ಲ. "ಮೊದಲು ಆಳುಗಳಿಗೆ ಮಜ್ಜಿಗೆ ಕೊಡಿಸು. ಹಾರೆ ಎಲ್ಲಿಗೂ ಓಡಿಹೋಗುವುದಿಲ್ಲ. ಆಮೇಲೆ ಬಂದು ಕೂತುಕೋ," ಎಂದರು. ಸರ್ಜಪ್ಪ ಬಂದು ಕೂತ ಮೇಲೆ ಈ ಕತೆ ಹೇಳಿದರು.

ನಾನು ಪ್ರಾಯದಲ್ಲಿ ದೇಶ ಸುತ್ತುತ್ತಿದ್ದಾಗ ಪುದುಚೇರಿಯಲ್ಲಿ ಒಬ್ಬ ಮುದಿ ಪಾದ್ರಿಯ ಪರಿಚಯವಾಯಿತು. ಫ್ರಾನ್ಸ್ ದೇಶದ ಪಡುವಣ ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿಕೊಂಡು ಬ್ರಿಟನಿ ಎಂಬ ಸೀಮೆಯಿದೆ. ಪಾದ್ರಿ ಅಲ್ಲಿಯವನು. ಇದು ಅವನು ಹುಟ್ಟಿ ಬೆಳೆದ ಊರಿನಲ್ಲಿ ಬಹಳ ಹಿಂದೆ ನಡೆದದ್ದು.

ಆ ಊರಿಗೆ ಒಬ್ಬ ದೊರೆಯಿದ್ದ. ಆ ಕರಾವಳಿಯಲ್ಲಿ ಹಡಗು ಒಡೆದರೆ, ದಡಕ್ಕೆ ಬಂದ ಸರಕೆಲ್ಲ ಆ ನೆಲದ ದೊರೆಗೆ ಸೇರಬೇಕು ಎಂಬ ಪದ್ಧತಿ. ಒಮ್ಮೆ ಬಿರುಗಾಳಿಗೆ ಸಿಕ್ಕಿ ಒಂದು ಹಡಗು ಬಂಡೆಗೆ ಬಡಿಯಿತು. ಊರಿನ ಬೆಸ್ತರು ದೋಣಿ ಇಳಿಸಿ ಮುಳುಗುವವರನ್ನು ಎಳೆಯಲು ಹೊರಟರು. ದೊರೆ ಅವರನ್ನು ತಡೆದು, ಮೊದಲು ಸರಕು ಎಳೆಯಿರಿ, ಜನ ಆಮೇಲೆ ಎಂದ. ಬೆಸ್ತರು ಹಾಗೆಯೇ ಮಾಡಬೇಕಾಯಿತು. ಸರಕೆಲ್ಲ ದಡ ಸೇರಿತು. ಜನ ಯಾರೂ ಸೇರಲಿಲ್ಲ. ಬೆಳಗ್ಗೆ ಹೆಣಗಳನ್ನು ಸಾಲಾಗಿ ಮಲಗಿಸಿದಾಗ ಗೊತ್ತಾಯಿತು, ದುಡಿಯಲು ಹೊರಗೆ ಹೋಗಿದ್ದ ಊರಿನ ಹುಡುಗರೂ ಆ ಹಡಗಿನಲ್ಲಿದ್ದರು ಎಂದು.

ಅಂದಿನಿಂದ ದೊರೆಗೆ ಅನ್ನ ಸೇರಲಿಲ್ಲ. ಸಾಯುವಾಗ ಊರಿನವರನ್ನು ಕರೆಸಿ ಹೇಳಿದ: "ಬದುಕಿದ್ದಾಗ ನಾನು ನಿಮ್ಮನ್ನು ತುಳಿದೆ. ಸತ್ತ ಮೇಲೆ ನೀವು ನನ್ನನ್ನು ತುಳಿಯಿರಿ. ಚರ್ಚಿನ ಬಾಗಿಲಲ್ಲಿ ನನ್ನನ್ನು ಹೂಳಿರಿ. ಒಳಗೆ ಹೋಗುವವರೆಲ್ಲ ನನ್ನ ಕಲ್ಲಿನ ಮೇಲೆ ಕಾಲಿಟ್ಟು, ನನ್ನ ಹೆಸರು ಹಿಡಿದು, ದೇವರು ಇವನನ್ನು ಕ್ಷಮಿಸಲಿ ಎನ್ನಿ. ಬೇರೇನೂ ಬೇಡ."

ಹಾಗೆಯೇ ಮಾಡಿದರು. ಮೊದಮೊದಲು ಸಿಟ್ಟಿನಿಂದ ತುಳಿದವರೂ ಇದ್ದರು. ಮಗನನ್ನು ಕಳೆದುಕೊಂಡ ಒಬ್ಬಾಕೆ ಹೆಸರು ಹೇಳುತ್ತಿದ್ದಳು, ಕ್ಷಮಿಸಲಿ ಎನ್ನುತ್ತಿರಲಿಲ್ಲವಂತೆ. ಕಾಲ ಕಳೆದಂತೆ ಸಿಟ್ಟು ಹೋಯಿತು, ಹೆಸರು ಉಳಿಯಿತು. ದೊರೆಯ ಮಗನನ್ನೂ ಅದೇ ಕಲ್ಲಿನಡಿ ಹೂಳಿದರು, ಮೊಮ್ಮಗನನ್ನೂ ಹೂಳಿದರು. ಒಬ್ಬೊಬ್ಬರು ಸೇರಿದಂತೆ ಹೆಸರುಗಳ ಸರ ಉದ್ದವಾಯಿತು. ಅಮ್ಮನ ಕೈ ಹಿಡಿದು ಬರುವ ಮಗು, ಆ ಕಲ್ಲು ಮುಟ್ಟಿದ ಕೂಡಲೇ, ಹಿರಿಯನಿಂದ ಕಿರಿಯನವರೆಗೆ ಅಷ್ಟೂ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿತ್ತು. ಅಕ್ಷರ ಬಾರದ ಊರು ಅದು. ಆದರೆ ದೊರೆಯ ವಂಶಾವಳಿ ಇಡೀ ಊರಿಗೆ ಬಾಯಿಪಾಠ.

ತಲೆಮಾರುಗಳು ಕಳೆದ ಮೇಲೆ ಆ ವಂಶದಲ್ಲಿ ಇನ್ನೊಬ್ಬ ದೊರೆ ಬಂದ. ಇವನು ರಾಜಧಾನಿ ಕಂಡು ಬಂದವನು. ಅಲ್ಲಿ ದೊಡ್ಡವರ ಗೋರಿಗಳು ಸರಳುಗಳ ಹಿಂದೆ, ಧೂಳೂ ಸೋಕದಂತೆ ಇದ್ದವು. ಊರಿಗೆ ಬಂದು ನೋಡುತ್ತಾನೆ, ಒಬ್ಬ ಬೆಸ್ತಗಿತ್ತಿ ಅವನ ಹಿರಿಯರ ಕಲ್ಲಿನ ಮೇಲೆ ನಿಂತು, ಮರದ ಮೆಟ್ಟಿನ ಕೆಸರು ಕೊಡವುತ್ತಿದ್ದಾಳೆ. ಕೆತ್ತಿದ ಲಾಂಛನ ಅರ್ಧ ಸವೆದಿದೆ. ಅಕ್ಷರಗಳಲ್ಲಿ ನಾಲ್ಕಾರು ಉಳಿದಿವೆ. ಇದನ್ನು ನಿಲ್ಲಿಸಲೇಬೇಕು ಎಂದುಕೊಂಡ.

ಅವನನ್ನು ಬೈಯಬೇಡ, ಸರ್ಜಪ್ಪ. ಅವನು ಕೆಟ್ಟವನಲ್ಲ. ನಿನ್ನ ಹಾಗೆಯೇ ಹಿರಿಯರ ಮೇಲೆ ಜೀವ ಇಟ್ಟುಕೊಂಡವನು.

ಅವನು ಕಲ್ಲಿನ ಸುತ್ತ ಎದೆಯೆತ್ತರದ ಸರಳು ಹಾಕಿಸಿದ. ದೊಡ್ಡ ಬಾಗಿಲು ಮುಚ್ಚಿತು. ಜನರಿಗಾಗಿ ಪಕ್ಕದ ಗೋಡೆ ಒಡೆಸಿ ಒಂದು ಸಣ್ಣ ಬಾಗಿಲು ಇಡಿಸಿದ. ಆಗ ಅಲ್ಲಿದ್ದ ಪಾದ್ರಿಗೆ ಇದು ಸರಿಬೀಳಲಿಲ್ಲ.

"ತುಳಿಯಲಿ ಎಂದು ಅವರೇ ಕೇಳಿಕೊಂಡದ್ದು, ದೊರೆ," ಎಂದ.

"ಕೇಳಿಕೊಂಡದ್ದು ಅವರ ದೊಡ್ಡತನ. ತುಳಿಸಿಕೊಂಡು ಸುಮ್ಮನಿದ್ದರೆ ಅದು ನನ್ನ ಸಣ್ಣತನ," ಎಂದ ದೊರೆ.

ಮಾತು ಚೆನ್ನಾಗಿತ್ತು. ಜನ ಸಣ್ಣ ಬಾಗಿಲಲ್ಲಿ ಹೋಗಿಬರತೊಡಗಿದರು. ಯಾರೂ ಗೊಣಗಲಿಲ್ಲ. ಆ ಬಾಗಿಲಲ್ಲಿ ಸಮುದ್ರದ ಚಳಿಗಾಳಿ ಕಡಿಮೆ, ಹತ್ತಲು ಮೆಟ್ಟಿಲೂ ಇಲ್ಲ.

ಹೀಗೆ ಒಂದು ತಲೆಮಾರು ಕಳೆಯಿತು. ದೊರೆಗೆ ವಯಸ್ಸಾಯಿತು. ಅವನಿಗೆ ಒಬ್ಬನೇ ಮಗ. ಹುಡುಗನಿಗೆ ಅರಸನ ನೌಕಾಪಡೆಯಲ್ಲಿ ಅಧಿಕಾರಿಯಾಗುವ ಆಸೆ. ಆ ಹುದ್ದೆ ದೊರೆಮಕ್ಕಳಿಗೆ ಮಾತ್ರ. ಅದೇ ಹೊತ್ತಿಗೆ ಅರಸನ ಅಪ್ಪಣೆ ಬಂತು. ದೊರೆತನ ಹೇಳಿಕೊಳ್ಳುವವರೆಲ್ಲ ತಮ್ಮ ವಂಶವನ್ನು ಸಾಬೀತು ಮಾಡಬೇಕು, ಆಗದಿದ್ದವರು ಇನ್ನು ಮುಂದೆ ಸಾಮಾನ್ಯರು.

ತನಿಖೆಗೆ ಒಬ್ಬ ಅಧಿಕಾರಿ ಬಂದ. ಆ ಮನೆತನದ ಹಳೆಯ ಪತ್ರಗಳೆಲ್ಲ ಯಾವುದೋ ಯುದ್ಧದಲ್ಲಿ ಸುಟ್ಟುಹೋಗಿದ್ದವು. ಅಧಿಕಾರಿ ಕಲ್ಲನ್ನು ನೋಡಿದ. ಅರ್ಧ ಲಾಂಛನ, ನಾಲ್ಕಾರು ಅಕ್ಷರ. ಇದು ಸಾಲದು ಎಂದ. ಹೊಸದಾಗಿ ಕೆತ್ತಿಸಿದರೆ ಮೋಸ ಎನ್ನಿಸಿಕೊಳ್ಳುತ್ತದೆ. ಬೇರೆ ಯಾರೂ ಹೇಳಿಕೊಡದೆ ಊರಿನ ಹಿರಿಯರೇ ವಂಶಾವಳಿ ಹೇಳಿದರೆ ಒಪ್ಪಬಹುದು ಎಂದ.

ದೊರೆಯ ಮುಖ ಅರಳಿತು. "ಹಿರಿಯರೇಕೆ? ನನ್ನ ಊರಿನ ಯಾವ ಮಗುವನ್ನಾದರೂ ಕೇಳಿ," ಎಂದ. ತಾನು ಚಿಕ್ಕವನಿದ್ದಾಗ ಕೇಳಿದ್ದ ಆ ಸದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಅದು ಊರಿನಲ್ಲಿಯೂ ಇದೆ ಎಂದುಕೊಂಡಿದ್ದ.

ಮಕ್ಕಳಿಗೆ ಏನೂ ಗೊತ್ತಿರಲಿಲ್ಲ. ಮಕ್ಕಳ ತಂದೆತಾಯಿಗಳಿಗೆ ಈಗಿನ ದೊರೆ ಗೊತ್ತು, ಅವನ ಅಪ್ಪ ಗೊತ್ತು. ಅದಕ್ಕೆ ಹಿಂದೆ ಯಾರು ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ, ಕಲ್ಲು ತುಳಿದು ಬೆಳೆದವರಲ್ಲಿ ಬದುಕಿ ಉಳಿದಿದ್ದ ಆ ಬೆಸ್ತಗಿತ್ತಿಯನ್ನು ಕರೆತಂದರು. ಮೆಟ್ಟಿನ ಕೆಸರು ಕೊಡವಿದ್ದಳಲ್ಲ, ಅವಳನ್ನೇ. ಈಗ ಹಣ್ಣು ಮುದುಕಿ.

"ಹೇಳುತ್ತಿದ್ದೆವು ಸ್ವಾಮಿ. ಕಲ್ಲಿನ ಮೇಲೆ ಕಾಲಿಟ್ಟರೆ ತಾನಾಗಿಯೇ ಬರುತ್ತಿತ್ತು," ಎಂದಳು.

ಅಧಿಕಾರಿ ಒಂದೆರಡು ಸರಳು ತೆಗೆಸಿದ. ಮುದುಕಿ ಕಲ್ಲಿನ ಮೇಲೆ ಹೋಗಿ ನಿಂತಳು. ಮೊದಲನೆಯ ಹೆಸರು ಹೇಳಿದಳು. ಎರಡನೆಯದನ್ನೂ ಹೇಳಿದಳು. ಆಮೇಲೆ ಒಬ್ಬ ಸಂತನ ಹೆಸರು ಬಂತು, ಅವಳ ಸತ್ತ ಗಂಡನ ಹೆಸರು ಬಂತು. ತಪ್ಪಿದೆ ಎಂದು ಅವಳಿಗೇ ಗೊತ್ತಾಯಿತು. ಮತ್ತೆ ಮೊದಲಿನಿಂದ ಶುರು ಮಾಡಿ ಮತ್ತೆ ಅಲ್ಲಿಯೇ ನಿಂತಳು. ದೊರೆ ಎದುರಿಗೇ ಇದ್ದ. ಮೂರನೆಯ ಹೆಸರು ಅವನ ನಾಲಿಗೆಯ ತುದಿಯಲ್ಲಿತ್ತು. ಹೇಳಿಕೊಡುವ ಹಾಗಿರಲಿಲ್ಲ. ಮುದುಕಿ ಮಗುವಿನ ಹಾಗೆ ಕಾಲಿನಿಂದ ಕಲ್ಲನ್ನು ತಟ್ಟಿ ನೋಡಿದಳು, ಆಮೇಲೆ ಅತ್ತಳು. ಅಧಿಕಾರಿಯೂ ಒಳ್ಳೆಯವನೇ. ತುಂಬ ಹೊತ್ತು ಕಾದ. ಆಮೇಲೆ ತನ್ನ ಟೋಪಿ ಎತ್ತಿಕೊಂಡ.

ದೊರೆತನ ಹೋಯಿತು. ಮಗ ಅಧಿಕಾರಿಯಾಗಲಿಲ್ಲ. ಸರಕು ಸಾಗಿಸುವ ಹಡಗಿನಲ್ಲಿ ಹಗ್ಗ ಎಳೆಯುವ ಕೂಲಿಯಾಗಿ ಹೋದ. ಅಪ್ಪನ ಮೇಲಿನ ಸಿಟ್ಟಿನಿಂದ ಹೋದ, ಹೇಳದೆಯೇ ಹೋದ. ಆ ಹಡಗು ತಿರುಗಿ ಬರಲಿಲ್ಲ. ಯಾವ ದಡದಲ್ಲಿ ಒಡೆಯಿತೋ, ಅಲ್ಲಿ ಮೊದಲು ಸರಕು ಎಳೆದರೋ ಜನರನ್ನು ಎಳೆದರೋ, ತಿಳಿಯಲಿಲ್ಲ.

ಮುದಿದೊರೆ ಉಳಿದ ಸರಳುಗಳನ್ನೂ ಕೀಳಿಸಿ ಹಾಕಿದ. ದೊಡ್ಡ ಬಾಗಿಲು ತೆಗೆಸಿ, ಭಾನುವಾರ ಬಂದರೆ ಅದರ ಪಕ್ಕದಲ್ಲಿ ಕೂರುತ್ತಿದ್ದ. "ಈ ಕಡೆ ಬನ್ನಿ. ತುಳಿಯಿರಿ. ಹೆಸರು ನಾನು ಹೇಳಿಕೊಡುತ್ತೇನೆ," ಎನ್ನುತ್ತಿದ್ದ. ಜನ ನಿಲ್ಲುತ್ತಿದ್ದರು, ಟೋಪಿ ತೆಗೆದು ತಲೆಬಾಗುತ್ತಿದ್ದರು. ದೊಡ್ಡವರ ಗೋರಿಯನ್ನು ತುಳಿಯುವುದುಂಟೇ ಎಂದು, ಪಕ್ಕದ ಬಾಗಿಲಿಗೆ ಹೋಗುತ್ತಿದ್ದರು. ಆ ಮರ್ಯಾದೆ ಅವನೇ ಕಲಿಸಿದ್ದು. ಎಲ್ಲರೂ ಒಳಗೆ ಹೋದ ಮೇಲೆ ಅವನು ಎದ್ದು, ಒಬ್ಬನೇ ಆ ಕಲ್ಲಿನ ಮೇಲೆ ನಿಂತು, ಅಷ್ಟೂ ಹೆಸರು ಹೇಳುತ್ತಿದ್ದ. ಕೊನೆಯಲ್ಲಿ ಮಗನ ಹೆಸರು ಸೇರಿಸುತ್ತಿದ್ದ. ಆ ಮಗ ಆ ಕಲ್ಲಿನ ಕೆಳಗೆ ಇರಲಿಲ್ಲ.

ಒಂದು ಚಳಿಗಾಲದಲ್ಲಿ ಅವನೂ ಸತ್ತ. ಅಲ್ಲಿಯೇ ಹೂಳಿದರು. ಹೂಳಿದವರು ಪಕ್ಕದ ಬಾಗಿಲಿನಿಂದ ಒಳಗೆ ಹೋದರು.

ಸ್ವಾಮಿಗಳು ಇಷ್ಟು ಹೇಳಿ ನಿಲ್ಲಿಸಿದರು. ಅಂಗಳದಲ್ಲಿ ಆಳುಗಳು ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಅಪ್ಪಣೆಗಾಗಿ ಇತ್ತಲೇ ನೋಡುತ್ತಿದ್ದರು. ಸರ್ಜಪ್ಪ ಕೇಳಿದ:

"ಆ ಮನೆತನದ ಹೆಸರೇನು, ಬುದ್ಧೀ?"

"ನಾನೂ ಪಾದ್ರಿಯನ್ನು ಇದನ್ನೇ ಕೇಳಿದೆ. ಕಲ್ಲು ಈಗಲೂ ಚೆನ್ನಾಗಿದೆ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ ಎಂದ."

ಸರ್ಜಪ್ಪ ಎದ್ದು ಅಂಗಳಕ್ಕೆ ಹೋಗಿ, ಹಾರೆ ಎತ್ತಿಕೊಂಡು ಮನೆಗೆ ಹೋಗಿ ಎಂದು ಆಳುಗಳಿಗೆ ಹೇಳಿದ.