ಎರಡನೆಯ ತುಳಿತಕ್ಕೆ ನಿಲ್ಲುವ ಕಾರು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ:

“ಗುರುಗಳೇ, ನನಗೆ ಸಿಟ್ಟು ಹೆಚ್ಚು. ಆದರೆ ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬುದೆಲ್ಲ ನನಗೆ ಚೆನ್ನಾಗಿ ಗೊತ್ತು. ತನ್ನ ದೋಷವನ್ನು ಇಷ್ಟು ಬಲ್ಲವನು ಅದನ್ನು ಬುಡಸಮೇತ ಕೀಳಲೇಬೇಕೇ? ಹತೋಟಿಯಲ್ಲಿ ಇಟ್ಟುಕೊಂಡು ಬಾಳಿದರೆ ಸಾಲದೇ?”

ಶಿಷ್ಯ ಸಂಸಾರಸ್ಥ. ಬಿಡುವಾದಾಗ ಮಠಕ್ಕೆ ಬಂದು ಹೋಗುವವನು. ಗುರುಗಳು ಸಾಕು ಎನ್ನಲಿಲ್ಲ, ಸಾಲದು ಎನ್ನಲೂ ಇಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಘಟ್ಟದ ಮೇಲಿನ ಒಂದು ಪೇಟೆಯಲ್ಲಿ ಪದ್ಮರಾಜ ಎಂಬ ಪಾತ್ರೆ ವ್ಯಾಪಾರಿ ಇದ್ದ. ಅವನಲ್ಲಿ ಒಂದು ಹಳೆಯ ಕಾರಿತ್ತು. ಅವನ ತಂದೆಯ ಕಾಲದ್ದು. ಅದರ ಓರಗೆಯ ಕಾರುಗಳೆಲ್ಲ ಎಂದೋ ಗುಜರಿ ಸೇರಿದ್ದವು. ಇವನದು ಮಾತ್ರ ಓಡುತ್ತಿತ್ತು. ಓಡಿಸುತ್ತಿದ್ದವನೂ ಅವನೇ, ರಿಪೇರಿ ಮಾಡುತ್ತಿದ್ದವನೂ ಅವನೇ.

ಮೊದಲು ಅವನು ಹಾಗಿರಲಿಲ್ಲ. ಒಮ್ಮೆ ಪೇಟೆಯ ಗ್ಯಾರೇಜಿನ ಮೇಸ್ತ್ರಿ ಕಾರನ್ನು ವಾರಗಟ್ಟಲೆ ಬಿಚ್ಚಿ ಹಾಕಿಕೊಂಡ. ಕೊನೆಗೆ ಇದ್ದ ತೊಂದರೆಯ ಜೊತೆಗೆ ಹೊಸದೊಂದನ್ನು ಸೇರಿಸಿ ಕೊಟ್ಟ. ಪದ್ಮರಾಜ ಸಂತೆಬೀದಿಯಲ್ಲಿ ನಾಲ್ಕು ಜನರ ಮುಂದೆ ನಿಂತು, “ಇನ್ನು ನನ್ನ ಕಾರಿಗೆ ನನ್ನ ಕೈ ಸಾಕು. ನಿನ್ನ ಬಾಗಿಲಿಗೆ ಬಂದರೆ ಕೇಳು” ಎಂದ.

ಆಡಿದಂತೆಯೇ ನಡೆದ. ಅಂಗಡಿಗೆ ರಜೆಯಿದ್ದ ದಿನ ಹಿತ್ತಲಲ್ಲಿ ಕಾರಿಗೆ ಜಾಕ್ ಕೊಟ್ಟು, ಗೋಣಿಚೀಲ ಹಾಸಿಕೊಂಡು ಅದರ ಅಡಿಗೆ ತೂರುತ್ತಿದ್ದ. ಪ್ಲಗ್ಗು ಬಿಚ್ಚಿ ಉಜ್ಜಿದ. ಕಾರ್ಬೊರೇಟರ್ ಕಳಚಿ ತೊಳೆದ. ಪಾತ್ರೆಗೆ ಬೆಸುಗೆ ಹಾಕಿ ಪಳಗಿದ ಕೈ; ತೂತಾದ ರೇಡಿಯೇಟರಿಗೂ ತಾನೇ ಬೆಸುಗೆ ಹಾಕಿದ. ಮುರಿದ ಬಾಗಿಲಿಗೆ ಹಿತ್ತಾಳೆ ಬಕೀಟಿನ ಹಿಡಿ ಕೂರಿಸಿದ. ನೋಡಿದವರು ತಲೆದೂಗಿದರು. ಅವರು ತಲೆದೂಗಿದಷ್ಟೂ ಅವನಿಗೆ ಛಲ ಏರಿತು.

ಅವನ ಕೈಗೆ ಬಗ್ಗದೆ ಉಳಿದದ್ದು ಬ್ರೇಕು. ಬ್ರೇಕಿನ ಎಣ್ಣೆಯನ್ನು ಚಕ್ರಗಳಿಗೆ ಒತ್ತಿ ಕಳಿಸುವ ಸಿಲಿಂಡರಿನೊಳಗೆ ರಬ್ಬರು ಸವೆದಿತ್ತು. ಬಿಚ್ಚಿ ಹೊಸ ರಬ್ಬರು ಹಾಕಿದ. ಸ್ವಲ್ಪ ಕಾಲ ನೆಟ್ಟಗಿದ್ದು ಮತ್ತೆ ಮೊದಲಿನಂತೆಯೇ ಆಯಿತು. “ಸಿಲಿಂಡರೇ ಹೋಗಿದೆ. ಹೊಸದು ತರಿಸಿಕೊಡುತ್ತೇನೆ, ಗ್ಯಾರೇಜಿನಲ್ಲಿ ಹಾಕಿಸಿಕೊಳ್ಳಿ” ಎಂದ ಬಿಡಿಭಾಗದ ಅಂಗಡಿಯವನು. ಗ್ಯಾರೇಜು ಎಂದರೆ ಅದೇ ಮೇಸ್ತ್ರಿಯ ಗ್ಯಾರೇಜು. ಪದ್ಮರಾಜ ಹೊಸದನ್ನು ತರಿಸಲೂ ಇಲ್ಲ, ಆ ಕಡೆ ಸುಳಿಯಲೂ ಇಲ್ಲ.

ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆದಿತ್ತು. ಪೇಟೆಯ ಸಮತಟ್ಟು ರಸ್ತೆಯಲ್ಲಿ ಆ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಉದ್ದನೆಯ ಇಳಿಜಾರಿನಲ್ಲಿ ಮೇಲಿಂದ ಮೇಲೆ ತುಳಿದು ಬಿಸಿಯಾದ ಮೇಲೆ ಮಾತ್ರ ಪೆಡಲು ಬೆಣ್ಣೆಯ ಮೇಲೆ ಕಾಲಿಟ್ಟಂತೆ ಕೆಳಗಿಳಿದುಬಿಡುತ್ತಿತ್ತು. ಆಗ ಗಾಬರಿಯಾಗದೆ ಕಾಲೆತ್ತಿ, ಮರುಕ್ಷಣವೇ ಇನ್ನೊಮ್ಮೆ ತುಳಿಯಬೇಕು. ಎರಡನೆಯ ತುಳಿತಕ್ಕೆ ಕಾರು ನಿಲ್ಲುತ್ತಿತ್ತು. ಗೇರು ಮೊದಲೇ ಇಳಿಸಿಕೊಂಡು, ದೂರದಿಂದಲೇ ಹೀಗೆ ತುಳಿಯುತ್ತ ಬಂದರೆ ಯಾವ ಭಯವೂ ಇರಲಿಲ್ಲ.

ಮೊದಮೊದಲು ಇದನ್ನು ಅವನು ಎಚ್ಚರವಿಟ್ಟು ಮಾಡುತ್ತಿದ್ದ. ವರ್ಷಗಳು ಕಳೆದಂತೆ ಅದು ತಲೆಯಿಂದ ಇಳಿದು ಕಾಲಿಗೆ ಬಂತು. ಕಾಲು ತಾನಾಗಿ ಎರಡು ಸಲ ತುಳಿಯತೊಡಗಿತು. ಆಮೇಲೆ, ಅದು ದೋಷ ಎಂಬುದೇ ಅವನಿಗೆ ಮರೆತುಹೋಯಿತು. ಕಾರಿಗೆ ಯಾವ ಕುಂದೂ ಇಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದ. ಸುಳ್ಳು ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದ.

ಪದ್ಮರಾಜನಿಗೆ ಚಂದ್ರಮತಿ ಎಂಬ ತಂಗಿ. ತಾಯಿ ಬೇಗ ಹೋದದ್ದರಿಂದ ಅವಳನ್ನು ಎತ್ತಿ ಆಡಿಸಿದವನು ಇವನೇ. ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಅವಳ ಗಂಡ ಧರಣೇಂದ್ರ ಹಾಲಿನ ಸೊಸೈಟಿಯ ಜೀಪು ಓಡಿಸುತ್ತಿದ್ದ. ನಿಧಾನಸ್ಥ. ಅವನ ಚಕ್ರಕ್ಕೆ ಒಂದು ಕೋಳಿಮರಿ ಸಿಕ್ಕಿದ್ದನ್ನೂ ಯಾರೂ ಕಂಡವರಿಲ್ಲ.

ಧರಣೇಂದ್ರನ ತಾಯಿಗೆ ಕಣ್ಣಿನ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆ ಘಟ್ಟದ ಕೆಳಗೆ. ಬಸ್ಸು ಹತ್ತಿದರೆ ಮುದುಕಿಗೆ ವಾಂತಿ ನಿಲ್ಲುತ್ತಿರಲಿಲ್ಲ. ಅವನು ಸಂಕೋಚದಿಂದಲೇ ಬಂದು ಭಾವನ ಹತ್ತಿರ ಕಾರು ಕೇಳಿದ. ಪದ್ಮರಾಜ ಹಿಂದೆ ಮುಂದೆ ನೋಡಲಿಲ್ಲ. “ಇಂಥದ್ದಕ್ಕೆ ಆಗದಿದ್ದರೆ ಕಾರು ಯಾತಕ್ಕೆ? ತೆಗೆದುಕೊಂಡು ಹೋಗಿ” ಎಂದ. ಅವನು ಕೆಟ್ಟವನಲ್ಲ.

ಹೊರಡುವ ದಿನ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಸೇರಿದರು. ಮುದುಕಿಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದರು. ಚಂದ್ರಮತಿ ಮುಂದೆ ಗಂಡನ ಪಕ್ಕದಲ್ಲಿ ಕೂತಳು. ಪದ್ಮರಾಜ ಕಿಟಕಿಗೆ ಬಗ್ಗಿ ಒಂದೊಂದನ್ನೇ ಹೇಳಿಕೊಟ್ಟ. ಬಾಗಿಲನ್ನು ಎತ್ತಿ ಎಳೆಯಬೇಕು. ಹಾರನ್ನನ್ನು ಎಡಗಡೆ ಒತ್ತಿದರೆ ಮಾತ್ರ ಕೂಗುತ್ತದೆ. ಇಂಜಿನ್ ಬಿಸಿಯಾದರೆ ನಿಲ್ಲಿಸಿ ನೀರು ಹಾಕಬೇಕು.

ಧರಣೇಂದ್ರ ನಗುತ್ತ ಕೇಳಿದ:

“ಬ್ರೇಕು ಗೀಕು ಎಲ್ಲ ಸರಿಯಿದೆಯಲ್ಲ ಭಾವ? ಘಟ್ಟ ಇಳಿಯುವುದು.”

“ನಾನು ಕೈಯಿಟ್ಟ ಕಾರು, ಧರಣೇಂದ್ರಯ್ಯ. ಹೊಸ ಕಾರೂ ಇದರ ಮುಂದೆ ನಿಲ್ಲುವುದಿಲ್ಲ” ಎಂದ ಪದ್ಮರಾಜ.

“ಅಣ್ಣನನ್ನು ಹೀಗೆಲ್ಲ ಕೇಳುತ್ತಾರೆಯೇ?” ಎಂದಳು ಚಂದ್ರಮತಿ. ಎಲ್ಲರೂ ನಕ್ಕರು. ಕಾರು ಹೊರಟಿತು.

ಅದು ಬೀದಿಯ ತಿರುವು ದಾಟಿದ ಮೇಲೆ ಪದ್ಮರಾಜನಿಗೆ ಎರಡನೆಯ ತುಳಿತ ನೆನಪಾಯಿತು. ಅವರು ಊರಂಚಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೋಗುವವರಿದ್ದರು. ಸ್ಕೂಟರು ಬಾಗಿಲಲ್ಲೇ ಇತ್ತು. ಹೋದರೆ ಸಿಗುತ್ತಿದ್ದರು. ಅವನು ಸ್ಕೂಟರಿನ ಮೇಲೆ ಕೈಯಿಟ್ಟ.

ಕೈಯಿಟ್ಟು ಯೋಚಿಸಿದ. ಹೋಗಿ ಏನು ಹೇಳುವುದು? ಹೊಸ ಕಾರಿಗಿಂತ ಮೇಲು ಎಂದು ಈಗ ತಾನೇ ಹೇಳಿದ್ದಾನೆ. ಬಂಕಿನ ಹುಡುಗರ ಮುಂದೆ, ಬೀಗಿತ್ತಿಯ ಮುಂದೆ, ಬ್ರೇಕು ನೆಟ್ಟಗಿಲ್ಲ ಎನ್ನಬೇಕು. ಬಂಕಿನ ಪಕ್ಕಕ್ಕೇ ಆ ಮೇಸ್ತ್ರಿಯ ಗ್ಯಾರೇಜು. ಅವನ ಕಿವಿಗೂ ಬೀಳುತ್ತದೆ. ‘ಜೀಪಿನಲ್ಲಿ ಪಳಗಿದವನು. ಅವನಿಗೇ ತಿಳಿಯುತ್ತದೆ’ ಎಂದುಕೊಂಡ. ಸ್ಕೂಟರಿನಿಂದ ಕೈ ತೆಗೆದು, ಹೋಗಿ ಅಂಗಡಿಯ ಬಾಗಿಲು ತೆರೆದ.

ಮಧ್ಯಾಹ್ನ ಅಪಘಾತದ ಸುದ್ದಿ ಬಂತು. ನಡೆದದ್ದು ಹೀಗೆ. ಘಟ್ಟದ ನಡುವೆ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಧರಣೇಂದ್ರ ಬ್ರೇಕು ತುಳಿದ. ಪೆಡಲು ತಳ ಮುಟ್ಟಿತು. ಒಳ್ಳೆಯ ಬ್ರೇಕನ್ನು ತುಳಿದು ರೂಢಿಯಾದವನು ಎಲ್ಲರೂ ಮಾಡುವುದನ್ನೇ ಮಾಡಿದ: ಕಾಲೆತ್ತದೆ, ಇನ್ನಷ್ಟು ಬಲವಾಗಿ ಒತ್ತಿ ಹಿಡಿದ. ಬಲಕ್ಕೆ ಪ್ರಪಾತ, ಎಡಕ್ಕೆ ಬಂಡೆ. ಅವನು ಬಂಡೆಯ ಕಡೆಗೆ ತಿರುಗಿಸಿದ. ಹಾಗೆ ಮಾಡಿದ್ದರಿಂದ ತಾಯಿ ಉಳಿದಳು, ಅವನೂ ಉಳಿದ. ಎಡಕ್ಕೆ ಕೂತಿದ್ದ ಚಂದ್ರಮತಿ ಉಳಿಯಲಿಲ್ಲ.

ನುಜ್ಜುಗುಜ್ಜಾದ ಕಾರನ್ನು ಎಲ್ಲರೂ ನೋಡಿದರು. ಯಾವುದು ಬಂಡೆಗೆ ಬಡಿದು ಹೋದದ್ದು, ಯಾವುದು ಮೊದಲೇ ಹೋಗಿದ್ದದ್ದು ಎಂದು ಹೇಳಬಲ್ಲವನು ಒಬ್ಬನೇ ಇದ್ದ. ಅವನು ತಂಗಿಯ ಹೆಣದ ಕಾಲ ಬಳಿ ಕೂತಿದ್ದ. ಯಾರೂ ಅವನನ್ನು ಕೇಳಲಿಲ್ಲ. ಘಟ್ಟದ ರಸ್ತೆ ಅಭ್ಯಾಸವಿಲ್ಲದವನು, ವೇಗವಾಗಿ ಹೋಗಿದ್ದಾನೆ ಎಂದರು ಜನ. ಸತ್ತವಳ ಕಡೆಯವರು ಅದಕ್ಕಿಂತ ಕೆಟ್ಟದಾಗಿ ಆಡಿದರು.

ಸೂತಕ ಕಳೆದ ಮೇಲೆ ಧರಣೇಂದ್ರ ಕೈಗೆ ಪಟ್ಟಿ ಕಟ್ಟಿಕೊಂಡು ಬಂದ. ನೆರೆದವರೆಲ್ಲರ ಮುಂದೆ ಪದ್ಮರಾಜನ ಕಾಲ ಮೇಲೆ ಬಿದ್ದ.

“ನಿಮ್ಮ ತಂಗಿಯನ್ನು ನಾನು ಕೊಂದೆ, ಭಾವ. ಬ್ರೇಕು ತುಳಿದೆ ಎಂದೇ ನನಗೆ ನೆನಪು. ಆದರೆ ತುಳಿದಿದ್ದರೆ ನಿಲ್ಲಬೇಕಿತ್ತಲ್ಲ? ಕಾಲು ಎಲ್ಲಿ ಇಟ್ಟೆನೋ, ದೇವರೇ ಬಲ್ಲ.”

ಪದ್ಮರಾಜನ ಬಾಯಿಗೆ ನಿಜ ಬಂತು. ನಾಲಗೆಯ ಮೇಲೇ ಇತ್ತು. ಅವನು ಸುತ್ತ ನೋಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಬಗ್ಗಿ ಧರಣೇಂದ್ರನನ್ನು ಎಬ್ಬಿಸಿದ.

“ಗಾಬರಿಯಲ್ಲಿ ಯಾರಿಗಾದರೂ ಹಾಗಾಗುತ್ತದೆ. ನನಗೆ ನಿಮ್ಮ ಮೇಲೆ ಕೋಪವಿಲ್ಲ” ಎಂದ.

ಅಲ್ಲಿದ್ದವರ ಕಣ್ಣು ತುಂಬಿತು. ಒಡಹುಟ್ಟಿದವಳನ್ನು ಕಳೆದುಕೊಂಡೂ ಇಂಥ ಮಾತಾಡಿದನಲ್ಲ, ಇವನಲ್ಲವೇ ದೊಡ್ಡ ಮನುಷ್ಯ ಎಂದರು. ಅಂದಿನಿಂದ ಪೇಟೆಯಲ್ಲಿ ಅವನಿಗೆ ಕೈಮುಗಿಯುವವರು ಹೆಚ್ಚಾದರು.

ಕಾರನ್ನು ಗುಜರಿಗೆ ಹಾಕು ಎಂದು ಹಲವರು ಹೇಳಿದರು. ಪದ್ಮರಾಜ ಒಪ್ಪಲಿಲ್ಲ. ಬೇರೆಯವರ ಕೈಗೆ ಕೊಟ್ಟರೆ ಬಿಚ್ಚುತ್ತಾರೆ, ಬಿಚ್ಚಿದರೆ ತಿಳಿಯುತ್ತದೆ. ಹಿತ್ತಲಿಗೆ ಎಳೆಸಿ ತಂದು, ತಾನೇ ತಗಡು ಬಡಿದ, ಬಾನೆಟ್ಟು ನೆಟ್ಟಗೆ ಮಾಡಿದ, ಬಣ್ಣ ಹಚ್ಚಿದ. ಎಲ್ಲ ಮುಗಿದ ಮೇಲೆ ದೂರದ ಊರಿನಿಂದ ಹೊಸ ಸಿಲಿಂಡರು ತಂದು ಬ್ರೇಕಿಗೆ ಕೂರಿಸಿದ. ಊಟದ ಹೊತ್ತಿಗೆ ಮೊದಲೇ ಕೆಲಸ ಮುಗಿಯಿತು. ಇಷ್ಟೇ ಆಗಿತ್ತು ಅದು. ಅವನು ಕೈಯಲ್ಲಿ ಸ್ಪ್ಯಾನರು ಹಿಡಿದುಕೊಂಡೇ ಗೋಣಿಚೀಲದ ಮೇಲೆ ಬಹಳ ಹೊತ್ತು ಕೂತಿದ್ದ.

ಅವನ ಹೆಂಡತಿ ಪ್ರಭಾವತಿ. ಅವಳ ತವರಿನ ದಾರಿಯಲ್ಲಿ ಉದ್ದನೆಯ ಇಳಿಜಾರೊಂದಿತ್ತು. ಮದುವೆಯಾದಂದಿನಿಂದ ಆ ಕಾರಿನಲ್ಲಿ ಅದನ್ನು ಇಳಿದವಳು ಅವಳು. ಕಾರು ರಿಪೇರಿಯಾದ ಮೇಲೆ ಮೊದಲ ಸಲ ಅಲ್ಲಿ ಇಳಿಯುವಾಗ ಅವಳು ಗಂಡನ ಕಾಲನ್ನು ನೋಡಿದಳು. ಆಮೇಲೆ ಮುಖ ನೋಡಿದಳು.

“ಈಗ ಒಂದೇ ಸಲಕ್ಕೆ ನಿಲ್ಲುತ್ತದಲ್ಲ” ಎಂದಳು.

ಅವನು ಗೇರು ಇಳಿಸಿದ.

“ಹಾಗಾದರೆ ಮೊದಲು ನಿಲ್ಲುತ್ತಿರಲಿಲ್ಲ. ಧರಣೇಂದ್ರಯ್ಯನಿಗೆ ಅದನ್ನು ಹೇಳಿದ್ದಿರಾ?”

ಅವನು ಕಾರನ್ನು ಬದಿಗೆ ನಿಲ್ಲಿಸಿದ. ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಅವಳು ಅಳಲಿಲ್ಲ, ಬಯ್ಯಲಿಲ್ಲ. “ಹೋಗಿ ಹೇಳಿ ಬನ್ನಿ. ಆ ಮನುಷ್ಯನ ತಲೆಯ ಮೇಲಿನ ಹೊರೆ ಇಳಿಸಿ ಬನ್ನಿ” ಎಂದಳು. ಬಾಗಿಲು ಎತ್ತಿ ತಳ್ಳಿ ಇಳಿದು, ತವರಿಗೆ ನಡೆದೇ ಹೋದಳು.

ಪದ್ಮರಾಜ ಮರುದಿನ ತಂಗಿಯ ಮನೆಗೆ ಹೋದ. ಧರಣೇಂದ್ರ ಜೀಪಿನ ಕೆಲಸ ಬಿಟ್ಟಿದ್ದ. ಸೊಸೈಟಿಯಲ್ಲಿ ಹಾಲಿನ ಕ್ಯಾನು ತೊಳೆಯುವ ಕೆಲಸಕ್ಕೆ ಸೇರಿದ್ದ. ತಾಯಿ ಮಗನ ಜೊತೆ ಮಾತು ಬಿಟ್ಟಿದ್ದಳು. ತಾಯಿಯ ಕಣ್ಣಿಗೆ ಪೊರೆ ಹಾಗೆಯೇ ಇತ್ತು. ಪದ್ಮರಾಜನನ್ನು ಕಂಡದ್ದೇ ಧರಣೇಂದ್ರ ಕೈ ಒರೆಸಿಕೊಂಡು ಓಡಿಬಂದ. ಚಾಪೆ ಹಾಸಿದ. ತಾನೇ ಕಾಫಿ ಕಾಯಿಸಿ ತಂದ.

“ಧರಣೇಂದ್ರಯ್ಯ, ನಿಮಗೊಂದು ಮಾತು ಹೇಳಬೇಕು” ಎಂದ ಪದ್ಮರಾಜ.

“ಮೊದಲು ನಾನು ಹೇಳುತ್ತೇನೆ ಭಾವ” ಎಂದ ಅವನು. “ಹೆತ್ತ ತಾಯಿಯೇ ನನ್ನ ಮುಖ ನೋಡುವುದಿಲ್ಲ. ಲೋಕದಲ್ಲಿ ನನ್ನನ್ನು ಮನ್ನಿಸಿದವರು ನೀವೊಬ್ಬರೇ. ಕೆರೆಯ ಕಡೆ ಎಷ್ಟೋ ಸಲ ಹೋಗಿದ್ದೇನೆ. ನೀವು ಅಂದು ಆಡಿದ ಮಾತು ನೆನಪಾಗಿ ತಿರುಗಿ ಬಂದಿದ್ದೇನೆ. ಮನುಷ್ಯರಲ್ಲಿ ಒಳ್ಳೆಯವರಿದ್ದಾರೆ ಎಂಬ ಆ ಒಂದೇ ನಂಬಿಕೆಯ ಮೇಲೆ ಬದುಕಿದ್ದೇನೆ. ಈಗ ಹೇಳಿ, ಏನು ಹೇಳುವವರಿದ್ದಿರಿ?”

ಹೇಳಿದರೆ ಅವನ ಆ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಅವನು ಹೀಗೆಯೇ ಬೇಯುತ್ತಾನೆ. ತನ್ನನ್ನು ತಡೆಯುತ್ತಿರುವುದು ಅವನ ಮೇಲಿನ ಕರುಣೆಯೋ, ತನ್ನ ಹೆಸರಿನ ಮೇಲಿನ ಆಸೆಯೋ ಎಂಬುದು ಪದ್ಮರಾಜನಿಗೇ ಬಗೆಹರಿಯಲಿಲ್ಲ. ಕಾಫಿ ಆರಿತು.

“ಏನಿಲ್ಲ. ತಾಯಿಯ ಆಪರೇಷನ್ ಬೇಗ ಮಾಡಿಸಿಬಿಡಿ ಎಂದು ಹೇಳಲು ಬಂದೆ” ಎಂದ. ಎದ್ದು ಬಂದ.

ಪ್ರಭಾವತಿ ತವರಿನಿಂದ ಮರಳಿದಾಗ ಗಂಡನ ಮುಖ ನೋಡಿದಳು. ಮುಂದೆ ಅವಳು ಆ ಕಾರು ಹತ್ತಲೇ ಇಲ್ಲ. ಮನೆಯಲ್ಲಿ ಅಡುಗೆಯಾಗುತ್ತಿತ್ತು, ಬಡಿಸುತ್ತಿದ್ದಳು. ಮಾತು ಮಾತ್ರ ಅಗತ್ಯಕ್ಕೆ ತಕ್ಕಷ್ಟು. ಧರಣೇಂದ್ರ ಕ್ಯಾನು ತೊಳೆಯುತ್ತಲೇ ಮುದುಕನಾದ. ಪದ್ಮರಾಜನೂ ಮುದುಕನಾದ. ಹಬ್ಬ ಬಂದಾಗಲೆಲ್ಲ ಧರಣೇಂದ್ರ ಬಂದು ಅವನ ಕಾಲಿಗೆ ನಮಸ್ಕರಿಸುತ್ತಿದ್ದ. ಪದ್ಮರಾಜ ಗೋಡೆಯ ಕಡೆ ನೋಡುತ್ತ ಅವನ ತಲೆಯ ಮೇಲೆ ಕೈಯಿಡುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರುಬಿಟ್ಟ. “ಅವನು ಅಂದು ಬಂಕಿಗೆ ಓಡಬೇಕಿತ್ತು, ಗುರುಗಳೇ. ಅಲ್ಲೇ ಹೇಳಿಬಿಡಬೇಕಿತ್ತು. ಎಂಥ ಮನುಷ್ಯ!” ಎಂದ.

ಗುರುಗಳು ಅವನನ್ನು ನೋಡಿ ಮೆಲ್ಲನೆ ಕೇಳಿದರು:

“ನಿನ್ನ ಸಿಟ್ಟು ಹೇಗೆ ಇಳಿಯುತ್ತದೆ ಎಂಬುದು ನಿನಗೆ ಗೊತ್ತು. ನೀನು ಮನೆಯೊಳಗೆ ಕಾಲಿಟ್ಟಾಗ ಮಕ್ಕಳು ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆಯೇ?”

ಶಿಷ್ಯ ತಲೆ ತಗ್ಗಿಸಿದ.